ಮೂರನೇ ನಂಬರಿನ ಬೂಟು

ನಮ್ಮ ಕಡೆ ಹೇಳಿಕೊಳ್ಳುವಂಥ ಬೆಟ್ಟ ಒಂದೂ ಇಲ್ಲ. ಬಸವಕಲ್ಯಾಣದ ನೂರೆಂಟು ಅಡಿ ಬಸವಣ್ಣನನ್ನು ಬಿಟ್ಟರೆ ತಲೆಯೆತ್ತಿ ನೋಡುವಂಥದ್ದು ನೀರಿನ ಟಾಕಿ ಮಾತ್ರ. ಇಂಥ ಸೀಮೆಯಿಂದ ರತ್ನಮಾಲಾ ಎಂಬ ಡ್ರಿಲ್ ಟೀಚರ್ ಹಿಮಾಲಯದ ಆರು ಸಾವಿರ ಮೀಟರಿನ ಒಂದು ಶಿಖರಕ್ಕೆ ಹೊರಟು ನಿಂತಳು. ಆ ಶಿಖರದ ಬಗ್ಗೆ ನನಗೇನೂ ಗೊತ್ತಿಲ್ಲ, ಗೊತ್ತಿದ್ದವರ ಹಾಗೆ ಬರೆಯುವುದೂ ಇಲ್ಲ. ಹೊರಡುವ ಮೊದಲು ಹುಮನಾಬಾದಿನಲ್ಲಿ ನಡೆದದ್ದು ಮಾತ್ರ ಚೆನ್ನಾಗಿ ಗೊತ್ತು, ಏಕೆಂದರೆ ಆ ಗೋಜಲಿನಲ್ಲಿ ಒಂದು ಪಾಲು ನನ್ನದೇ.

ನಾನು ಭೀಮಶಾ, ಬಸವಕಲ್ಯಾಣದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮನೆ ಹುಮನಾಬಾದಿನಲ್ಲಿ. ರತ್ನಮಾಲಾಳೂ ಅದೇ ಶಾಲೆಯವಳು, ಹುಮನಾಬಾದಿನಲ್ಲಿ ಒಂದು ಬಾಡಿಗೆ ಖೋಲಿಯಲ್ಲಿ ಇರುತ್ತಾಳೆ. ದಿನಾ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತೇವೆ. ಅವಳ ಊರು ದುಬಲಗುಂಡಿ. ತಂದೆ ಬೇಗ ಹೋದರು. ತಾಯಿ ಸೋನುಬಾಯಿ ಇವತ್ತಿಗೂ ಕಳೆ ತೆಗೆಯುವ ಕೂಲಿಗೆ ಹೋಗುತ್ತಾಳೆ. ಮಗಳು ಬೇಡವೆಂದರೆ, ಸುಮ್ಮನೆ ಕೂತರೆ ಮೊಣಕಾಲು ಹಿಡಿಯುತ್ತವೆ ಎಂದು ಉತ್ತರ ಕೊಡುತ್ತಾಳೆ.

ನಾವೆಲ್ಲ ಬೇಸಿಗೆ ರಜೆಯಲ್ಲಿ ಲಗ್ನದ ಊಟ ಉಂಡುಕೊಂಡು ತಿರುಗುವಾಗ ರತ್ನಮಾಲಾ ಉತ್ತರದ ಕಡೆ ಹೋಗಿ ಪರ್ವತ ಹತ್ತುವ ತರಬೇತಿ ಪಡೆದು ಬರುತ್ತಿದ್ದಳಂತೆ. ನಾಲ್ಕು ಬೇಸಿಗೆ ಹೀಗೆ ಹೋಗಿದ್ದಾಳೆ, ಸ್ಟಾಫ್ ರೂಮಿನಲ್ಲಿ ಯಾರಿಗೂ ಸುಳಿವಿಲ್ಲ. ಮುಖ ಕಪ್ಪಗಾಗಿ ಬಂದಾಗ ಹೊಲದ ಕೆಲಸಕ್ಕೆ ಹೋಗಿರಬೇಕು ಎಂದುಕೊಂಡಿದ್ದೆವು. ಆಮೇಲೆ ಅವಳು ಬೆನ್ನ ಚೀಲದಲ್ಲಿ ಹದಿನೈದು ಕಿಲೋ ತೊಗರಿ ತುಂಬಿಕೊಂಡು ಪ್ರಾರ್ಥನೆಯ ಗಂಟೆಗೆ ಮುಂಚೆ ಶಾಲೆಯ ಮೂರು ಮಹಡಿಯನ್ನು ನಲವತ್ತು ಸಲ ಹತ್ತಿ ಇಳಿಯತೊಡಗಿದಾಗ ವಿಷಯ ಹೊರಬಿತ್ತು. ಮೆಟ್ಟಿಲು ಸವೆಯುತ್ತವೆ ಎಂದು ಹೆಡ್‌ಮಾಸ್ಟರು ಒಂದು ನೋಟೀಸು ಕೊಡುವವರಿದ್ದರು, ನಾನೇ ತಡೆದೆ. ರವಿವಾರ ಅದೇ ಚೀಲ ಹೊತ್ತು ಕಲ್ಯಾಣದ ಕೋಟೆ ಹತ್ತುತ್ತಿದ್ದಳು. ಕೋಟೆ ನೋಡಲು ಬಂದವರು ಚೀಲದಲ್ಲಿ ಏನು ಮಾರುತ್ತೀ ಎಂದು ನಿಲ್ಲಿಸಿ ಕೇಳುತ್ತಿದ್ದರಂತೆ. ತೊಗರಿ ಎಂದು ಇವಳು ನಿಜವನ್ನೇ ಹೇಳುತ್ತಿದ್ದಳು.

ಮಾರ್ಚಿನಲ್ಲಿ ಆಯ್ಕೆಯ ಕಾಗದ ಬಂತು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ತೋರಿಸಿದಳು. ತರಬೇಕಾದ ಸಾಮಾನಿನ ಪಟ್ಟಿ ಎರಡು ಪುಟ: ಉಣ್ಣೆಯ ಒಳಬಟ್ಟೆ, ಮೂರು ಜೊತೆ ಕೈಗವಸು, ಹಣೆಗೆ ಕಟ್ಟುವ ದೀಪ, ಹಿಮದ ಬೆಳಕಿಗೆ ಕಪ್ಪು ಕನ್ನಡಕ, ಹೀಗೆ ನಲವತ್ತೊಂದು. ಹಗ್ಗ, ಹಿಮಗೊಡಲಿ, ಡೇರೆ ಎಲ್ಲ ತಂಡದವರದೇ. ಬೂಟೂ ಅವರೇ ಕೊಡುತ್ತಾರೆ, ಆದರೆ ಐದನೇ ನಂಬರಿನಿಂದ ಮೇಲಿನ ಪಾದಗಳಿಗೆ. ಅದಕ್ಕಿಂತ ಸಣ್ಣ ಪಾದದವರು ಹಿಮದ ಡಬಲ್ ಬೂಟನ್ನು ತಾವೇ ತರಬೇಕು. ಮನಾಲಿಯಲ್ಲಿ ಸಾಮಾನಿನ ತಪಾಸಣೆ ನಡೆಯುವಾಗ ಬೂಟಿಲ್ಲದಿದ್ದರೆ ಅಲ್ಲಿಂದಲೇ ವಾಪಸು ಕಳಿಸಲಾಗುವುದು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇನ್ನೊಂದು ಸಾಲೂ ಇತ್ತು. ವಯಸ್ಸಿನ ಮಿತಿ ಮೂವತ್ತೈದು. ರತ್ನಮಾಲಾಳಿಗೆ ಆಗಲೇ ಮೂವತ್ತೈದು ನಡೆಯುತ್ತಿತ್ತು.

"ನಲವತ್ತು ಸಾಮಾನು ಹ್ಯಾಂಗರ ಹೊಂದಸ್ತೀನ್ರಿ ಸರ್. ಈ ಬೂಟು ಒಂದೇ ಹೊಂದವಲ್ದು," ಎಂದಳು.

"ಎಷ್ಟನೇ ನಂಬರ್ರಿ?"

"ಮೂರು."

"ಸಣ್ಣ ಹುಡುಗ್ಯಾರ ಅಂಗಡ್ಯಾಗ ನೋಡ್ರಲ್ಲ," ಎಂದು ನಾನು ಚಾಷ್ಟಿ ಮಾಡಿದೆ.

ಅವಳು ನಗಲಿಲ್ಲ. ಈ ಬೂಟಿನೊಳಗೆ ಇನ್ನೊಂದು ಬೂಟು ಇರುತ್ತದೆ, ಅದಿಲ್ಲದೆ ಹಿಮದಲ್ಲಿ ಒಂದು ರಾತ್ರಿ ಕಳೆದರೆ ಕಾಲ್ಬೆರಳು ಕರ್ರಗಾಗಿ ಕಡಿದು ತೆಗೆಯಬೇಕಾಗುತ್ತದೆ ಎಂದು ತಿಳಿಸಿ ಹೇಳಿದಳು. ಬೆಲೆ ಕೇಳಿದ ಮೇಲೆ ನನಗೂ ನಗು ಬರಲಿಲ್ಲ. ಖಾಸಗಿ ಶಾಲೆಯ ಪಗಾರದಲ್ಲಿ ಅಂಥದ್ದನ್ನು ಕೊಳ್ಳುವ ಮಾತೇ ಇರಲಿಲ್ಲ. ಆಗ ನಾನು ನನಗೆ ಬರುವ ಒಂದೇ ಕೆಲಸ ಮಾಡಿದೆ, ಒಂದು ಸಮಿತಿ ಕಟ್ಟಿದೆ. ಕಾರ್ಯದರ್ಶಿ ನಾನೇ.

ಅಧ್ಯಕ್ಷರು ಮಹಾರುದ್ರಪ್ಪನವರು. ಹುಮನಾಬಾದಿನಲ್ಲಿ ಬೀಜ ಗೊಬ್ಬರದ ದೊಡ್ಡ ಅಂಗಡಿ, ದುಬಲಗುಂಡಿಯಲ್ಲಿ ಹೊಲ, ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿ ಕುರ್ಚಿ. ಸೋನುಬಾಯಿ ಅವರ ಹೊಲದಲ್ಲೇ ದುಡಿದವಳು. ನಾನು ಮಾತು ಮುಗಿಸುವ ಮೊದಲೇ ಅವರು, ನಮ್ಮ ಊರ ಹೆಣ್ಣುಮಗಳು, ಬೂಟು ನನ್ನ ಕಡೆಯಿಂದ ಎಂದುಬಿಟ್ಟರು. ಅವರು ಜಿಪುಣರಲ್ಲ, ಕೆಟ್ಟವರೂ ಅಲ್ಲ. ಕೆಟ್ಟವರಾಗಿದ್ದರೆ ಆವತ್ತೇ ಇಲ್ಲವೆಂದು ಹೇಳುತ್ತಿದ್ದರು, ನಾವು ಬೇರೆ ಬಾಗಿಲು ನೋಡುತ್ತಿದ್ದೆವು.

ರತ್ನಮಾಲಾ ಹಳೆಯ ಪೇಪರಿನ ಮೇಲೆ ಎರಡೂ ಪಾದ ಇಟ್ಟು ಪೆನ್ಸಿಲಿನಿಂದ ಸುತ್ತು ಬರೆದು ಕೊಟ್ಟಳು. ಅದನ್ನು ಹುಮನಾಬಾದಿನ ಚಪ್ಪಲಿ ಅಂಗಡಿಯ ಮೊಹಿನುದ್ದೀನ್ ಹೈದರಾಬಾದಿಗೆ ಕಳಿಸಿದ. ಅಲ್ಲಿಂದ ಎಲ್ಲೆಲ್ಲಿಗೋ ಹೋಗಿ ಆರು ವಾರಕ್ಕೆ, ಮೇ ತಿಂಗಳ ಮೊದಲಿಗೆ, ಬೂಟು ಬಂತು. ಕಿತ್ತಳೆ ಬಣ್ಣ, ಮೀನಖಂಡದವರೆಗೆ ಎತ್ತರ, ಕೈಯಲ್ಲಿ ಹಿಡಿದರೆ ತೂಕ.

"ಬೂಟಿನಾಗ ಬೂಟು ಅದ ಮಾಸ್ತರ್. ಒಂದರ ರೊಕ್ಕದಾಗ ಎರಡು ಬಂದಾವ ಅಂತ ಸಾವಕಾರ್ರಿಗಿ ಹೇಳ್ರಿ," ಎಂದ ಮೊಹಿನುದ್ದೀನ್.

ರೊಕ್ಕ ಕೊಟ್ಟವರು ಅವರಾದ್ದರಿಂದ ಬೂಟಿನ ಡಬ್ಬಿ ಹುಮನಾಬಾದಿನ ಅವರ ದೊಡ್ಡ ಮನೆಗೆ, ವಾಡೆಗೆ ಹೋಯಿತು. ಬಸವಕಲ್ಯಾಣದಲ್ಲಿ ಒಂದು ಸನ್ಮಾನ ಸಮಾರಂಭ ಮಾಡಿ, ಅಧ್ಯಕ್ಷರ ಅಮೃತಹಸ್ತದಿಂದ ಬೂಟು ಕೊಡಿಸುವುದೆಂದು ನಾನು ಆಮಂತ್ರಣ ಬರೆದೆ. "ಪರ್ವತಾರೋಹಿಗೆ ಪಾದರಕ್ಷೆ ಸಮರ್ಪಣೆ" ಎಂಬ ತಲೆಬರಹಕ್ಕೆ ಅರ್ಧ ದಿನ ಕೊಟ್ಟಿದ್ದೆ. ಮಹಾರುದ್ರಪ್ಪನವರು ಚಾಳೀಸು ಹಾಕಿ ಓದಿದರು, ಚಾಳೀಸು ತೆಗೆದರು, ಮತ್ತೆ ಹಾಕಿ ಓದಿದರು.

"ಮಾಸ್ತರ್ರೇ, ಇದು ಹ್ಯಾಂಗ ಆಗ್ತದ? ಸ್ಟೇಜಿನ ಮ್ಯಾಲ ನಿಂತು ಹೆಣ್ಣಮಗಳ ಕೈಯಾಗ ನಾ ಕಾಲ್ಮರಿ ಕೊಡ್ಲೇನು? ಶಾಲು ಕೊಡ್ತಾರ, ಸೀರಿ ಕೊಡ್ತಾರ. ಕಾಲಾಗ ಹಾಕೋದು ಯಾರರ ಸನ್ಮಾನದಾಗ ಕೊಡ್ತಾರೇನು?"

"ಅಕೀಗಿ ಬೇಕಾಗಿದ್ದೇ ಅದಲ್ರಿ."

"ಬೇಕಾಗಿದ್ದು ಖರೆ. ಆದ್ರ ಹೆಣ್ಣಮಗಳಂದ್ರ ಲಕ್ಷ್ಮಿ. ಲಕ್ಷ್ಮಿಗಿ ಬೂಟು ಕೊಟ್ಟ ಅಂತ ನನ್ನ ಹೆಸರಿಗಿ ಹತ್ತಬಾರದು."

ಅಂದೇ ಸಂಜೆ ಸಂಘರತ್ನ ನನ್ನ ಮನೆಗೇ ಬಂದ. ರತ್ನಮಾಲಾಳ ದೊಡ್ಡಪ್ಪನ ಮಗ, ಬುದ್ಧ ವಿಹಾರದ ಯುವಕ ಸಂಘದ ಮುಂದಾಳು, ಅನ್ಯಾಯ ಕಂಡಲ್ಲಿ ಧರಣಿ ಕೂತುಬಿಡುವ ಮನುಷ್ಯ. ಆಮಂತ್ರಣದ ಸುದ್ದಿ ಅವನಿಗೆ ಪ್ರೆಸ್ಸಿನಿಂದ ಮುಟ್ಟಿತ್ತು.

"ಸರ್, ನಮ್ಮ ಹೆಣ್ಣಮಗಳಿಗಿ ಸಾವಕಾರ್ರು ಮೈಕ್ ಹಚ್ಚಿ ಚಪ್ಪಲಿ ಕೊಡಾಕತ್ತಾರಂತ. ಪೇಪರಿನಾಗ ಫೋಟೋನೂ ಬರ್ತದಂತ. ಹಂಗೇನರ ಆದ್ರ ನಾ ತಹಸೀಲ್ ಕಚೇರಿ ಮುಂದ ಕೂಡ್ತೀನಿ."

"ಚಪ್ಪಲಿ ಅಲ್ಲಪ್ಪ, ಬೂಟು."

"ಕಾಲಿಗಿ ಹಾಕೋದೇ ಹೌದಿಲ್ರಿ?"

ಮಹಾರುದ್ರಪ್ಪನವರೂ ಸಂಘರತ್ನನೂ ಇಪ್ಪತ್ತು ವರ್ಷದಲ್ಲಿ ಒಂದು ನಳದ ಜಾಗದ ಬಗ್ಗೆ ಸಹ ಒಮ್ಮತಕ್ಕೆ ಬಂದವರಲ್ಲ. ಬೂಟು ಕೊಡಬಾರದು ಎಂಬ ವಿಷಯದಲ್ಲಿ ಒಂದೇ ದಿನದಲ್ಲಿ ಒಪ್ಪಿಕೊಂಡು ಚಹಾ ಕುಡಿದರು. ಇಬ್ಬರಿಗೂ ನಾನೇ ಚಹಾ ತರಿಸಿದೆ.

ಇದು ಯಾವ ಊರಿನಲ್ಲಿ ನಡೆಯಿತು ಎಂಬುದನ್ನು ನೆನಪಿಡಬೇಕು. ಎಂಟುನೂರು ವರ್ಷದ ಹಿಂದೆ ಇದೇ ಕಲ್ಯಾಣದಲ್ಲಿ ಗಂಡ ಹೆಂಡತಿ ತಮ್ಮ ತೊಡೆಯ ತೊಗಲು ತೆಗೆದು, ಹದ ಮಾಡಿ, ಮೆಟ್ಟು ಹೊಲಿದು ಬಸವಣ್ಣನಿಗೆ ಒಯ್ದು ಕೊಟ್ಟರೆಂಬ ಕಥೆಯನ್ನು ನಾನು ವರ್ಷಾ ವರ್ಷ ಒಂಬತ್ತನೇ ಈಯತ್ತೆಗೆ ಕಣ್ಣೀರು ಬರುವ ಹಾಗೆ ಹೇಳುತ್ತೇನೆ. ಮಹಾರುದ್ರಪ್ಪನವರು ಅದನ್ನೇ ಜಯಂತಿಯ ಭಾಷಣದಲ್ಲಿ ಹೇಳುತ್ತಾರೆ. ಸಂಘರತ್ನನೂ ಹೇಳುತ್ತಾನೆ, ಸ್ವಲ್ಪ ಬೇರೆ ಅರ್ಥದಲ್ಲಿ. ಅಂಥ ಮೂವರೂ ಸೇರಿ, ಆಗಲೇ ಬಂದು ಕೂತಿದ್ದ ಒಂದು ಜೊತೆ ಬೂಟನ್ನು ಒಬ್ಬ ಹೆಣ್ಣುಮಗಳ ಕೈಗೆ ಮುಟ್ಟಿಸಲು ಆಗಲಿಲ್ಲ.

ಸನ್ಮಾನ ಮಾತ್ರ ಜೋರಾಗಿ ಆಯಿತು. ಶಾಲು ಹೊದಿಸಿದರು, ತಲೆಗೆ ಫೇಟಾ ಸುತ್ತಿದರು, ಕೈಗೆ ಒಂದು ಗಾಜಿನ ಪೆಟ್ಟಿಗೆ ಕೊಟ್ಟರು. ಅದರೊಳಗೆ ಬಿಳಿ ಬಣ್ಣ ಬಳಿದ ಪ್ಲಾಸ್ಟರಿನ ಪರ್ವತ, ಆರು ಕಿಲೋ ತೂಕದ್ದು. ರತ್ನಮಾಲಾ ಮೈಕಿನ ಮುಂದೆ ಬಂದು, "ಎಲ್ಲಾರಿಗೂ ಶರಣು, ಜೈ ಭೀಮ್. ಬೂಟು ಎಲ್ಲಿ ಅದಾವ್ರಿ?" ಎಂದಳು. ಸಭೆ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ಅವಳು ಚಾಷ್ಟಿ ಮಾಡುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು.

ಒಂದು ಸನ್ಮಾನ ಆದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ. ಚಿಟಗುಪ್ಪದ ವ್ಯಾಪಾರಸ್ಥರು ಕರೆದರು, ಹುಮನಾಬಾದಿನ ಮಹಿಳಾ ಮಂಡಳದವರು ಕರೆದರು, ವಿಹಾರದಲ್ಲಿ ಆಯಿತು, ಒಂದು ಬ್ಯಾಂಕಿನವರು ಕೌಂಟರು ಅರ್ಧ ಗಂಟೆ ಬಂದ್ ಮಾಡಿ ಮಾಡಿದರು. ಎಲ್ಲರೂ ಶಿಖರ ಹತ್ತಿ ಬಂದವಳನ್ನು ಹೊಗಳುವ ಹಾಗೆಯೇ ಹೊಗಳಿದರು. ಅವಳು ಇನ್ನೂ ಹುಮನಾಬಾದ್ ಬಿಟ್ಟಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಹತ್ತು ದಿನದಲ್ಲಿ ಹತ್ತೊಂಬತ್ತು ಶಾಲು ಕೂಡಿದವು. ಮೇ ತಿಂಗಳಲ್ಲೂ ಹೊದೆಯಬಹುದಾದಷ್ಟು ತೆಳು ಶಾಲುಗಳು. ಅವನ್ನೆಲ್ಲ ಸೋನುಬಾಯಿ ದುಬಲಗುಂಡಿಯ ತಮ್ಮ ಓಣಿಯ ಮುದುಕಿಯರಿಗೆ ಹಂಚಿದಳು. ತೆಂಗಿನಕಾಯಿಗಳು ನಮ್ಮ ಸ್ಟಾಫಿನವರ ಮನೆಗಳಿಗೆ ಬಂದವು.

ಹೊರಡಲು ಐದು ದಿನ ಇರುವಾಗ ಅವಳ ಖೋಲಿಗೆ ಹೋಗಿದ್ದೆ. ಕಿರಾಣಿ ಅಂಗಡಿಯಿಂದ ಕಡ ತಂದ ತಕ್ಕಡಿ ಮುಂದಿಟ್ಟುಕೊಂಡು ಸಾಮಾನು ತೂಗುತ್ತಿದ್ದಳು. ಒಬ್ಬರ ಚೀಲ ಇಪ್ಪತ್ತು ಕಿಲೋ ಮೀರಬಾರದು. ಆದರೆ ನಮ್ಮಲ್ಲಿ ಊರು ಬಿಟ್ಟು ಹೋಗುವವರನ್ನು ಬರಿಗೈಯಲ್ಲಿ ಕಳಿಸುವ ರೂಢಿಯಿಲ್ಲ. ಅಲ್ಲಿ ಜೋಳ ಸಿಗುವುದಿಲ್ಲವಂತೆ ಎಂದು ಯಾರೋ ಹೇಳಿದ್ದೇ ತಡ, ಓಣಿಯ ಮನೆಮನೆಯಿಂದ ಬುತ್ತಿ ಬಂದಿತ್ತು: ಕಟಕ ರೊಟ್ಟಿಯ ಕಟ್ಟುಗಳು, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ, ಅಳ್ಳಿಟ್ಟು. ಶಿಖರದ ಮೇಲೆ ಇಡಲೆಂದು ಒಬ್ಬರು ವಿಭೂತಿ, ಒಬ್ಬರು ಪಂಚಶೀಲದ ಧ್ವಜ, ಒಬ್ಬರು ದರ್ಗಾದ ಹಸಿರು ದಾರ ಕೊಟ್ಟಿದ್ದರು. ಮುಂದಿನ ಪುರಸಭೆ ಚುನಾವಣೆಗೆ ನಿಲ್ಲುವವನೊಬ್ಬ ತನ್ನ ಫೋಟೋ ಇರುವ ಐದು ಅಡಿಯ ಬ್ಯಾನರು ಕಳಿಸಿದ್ದ. ತುದಿಯಲ್ಲಿ ನಿಂತು ಬಿಚ್ಚಿ ಹಿಡಿಯಬೇಕಂತೆ. ಶಾಲೆಯ ಬ್ಯಾನರೂ ಒಂದಿತ್ತು. ಅದು ನನ್ನದೇ ವಿಚಾರವಾದ್ದರಿಂದ ಅದರ ಬಗ್ಗೆ ಬರೆಯುವುದಿಲ್ಲ.

ಅವಳು ಒಂದೊಂದನ್ನೂ ತೂಗಿ ಬರೆದುಕೊಳ್ಳುತ್ತಿದ್ದಳು. ವಿಭೂತಿ, ಧ್ವಜ, ದಾರ ಮೂರೂ ಹಗುರ, ಒಳಗೆ ಹೋದವು. ಒಂದು ಕಿಲೋ ರೊಟ್ಟಿ, ಅರ್ಧ ಕಿಲೋ ಹಿಂಡಿ ಹೋದವು. ಬ್ಯಾನರುಗಳೆರಡೂ ಹೊರಗೆ ಉಳಿದವು. ಚೀಲದ ತಳದಲ್ಲಿ ಒಂದು ಕಡೆ ಏನೂ ತುಂಬದೆ ಖಾಲಿ ಬಿಟ್ಟಿದ್ದಳು.

"ಇಲ್ಲಿ ಏನಿಡ್ತೀರಿ?" ಎಂದೆ.

"ಬೂಟಿಗಿ ಬಿಟ್ಟೀನ್ರಿ. ಎರಡೂವರಿ ಕಿಲೋ." ತಕ್ಕಡಿಯಿಂದ ತಲೆ ಎತ್ತದೆ ಹೇಳಿದಳು, "ಸರ್, ನಾನೇ ಒಂದು ರೂಪಾಯಿ ಕೊಟ್ಟು ಖರೀದಿ ಮಾಡ್ತೀನಂತ ಸಾವಕಾರ್ರಿಗಿ ಹೇಳ್ರಿ. ದಾನನೂ ಆಗಂಗಿಲ್ಲ, ಸನ್ಮಾನನೂ ಆಗಂಗಿಲ್ಲ."

ಇಷ್ಟು ಸರಳ ದಾರಿ ನನಗೆ ಹೊಳೆದಿರಲಿಲ್ಲ. ಓಡಿಹೋಗಿ ಮಹಾರುದ್ರಪ್ಪನವರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು.

"ನಮ್ಮ ಮನೆತನದಾಗ ಇವತ್ತಿನ ತನಕ ಯಾರೂ ಕಾಲ್ಮರಿ ಮಾರಿಲ್ಲ ಮಾಸ್ತರ್ರೇ. ಒಂದು ರೂಪಾಯಿಗಿ ಬೂಟು ಮಾರಿದ ಅಂತ ಊರು ಅಂದ್ರ ನಾ ಮುಖ ಎಲ್ಲಿ ಇಟ್ಕೊಳ್ಳಿ?"

ಅಲ್ಲಿಗೆ ಅದೂ ಮುಗಿಯಿತು. ಬೂಟನ್ನು ಕೊಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಇನ್ನೊಂದು ಜೊತೆ ತರಿಸಲು ಮತ್ತೆ ಆರು ವಾರ. ನಾನೇ ಆ ಡಬ್ಬಿ ಎತ್ತಿಕೊಂಡು ಬಂದು ಅವಳ ಖೋಲಿಯಲ್ಲಿ ಇಟ್ಟಿದ್ದರೆ ಐದು ನಿಮಿಷದ ಕೆಲಸ. ಅದು ನನಗೆ ಹೊಳೆಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನನ್ನ ಕಾಯಂ ನೇಮಕದ ಫೈಲು ಆಡಳಿತ ಮಂಡಳಿಯ ಮುಂದಿತ್ತು, ಮಂಡಳಿಯಲ್ಲಿ ಮಹಾರುದ್ರಪ್ಪನವರಿದ್ದರು. ಆ ದಿನಗಳ ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಮತ್ತು ಅದು ಅವರ ಮೇಲೆ ಅಲ್ಲ.

ಹೊರಡಲು ಎರಡು ದಿನ ಉಳಿದಾಗ ಒಂದು ಸಹಿಗಾಗಿ ಅವರ ವಾಡೆಗೆ ಹೋದೆ. ಒಳಗಿನಿಂದ ಧಪ್ ಧಪ್ ಎಂದು ಸಪ್ಪಳ ಬರುತ್ತಿತ್ತು. ಪಡಸಾಲೆಯಲ್ಲಿ ಮಹಾರುದ್ರಪ್ಪನವರ ಹೆಂಡತಿ ಸಂಗಮ್ಮನವರು ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಆ ಕಿತ್ತಳೆ ಬೂಟು ಹಾಕಿಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದರು. ಐವತ್ತೆಂಟರ ಹೆಣ್ಣುಮಗಳು, ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಮುಖದಿಂದ ಬೆವರು ಇಳಿಯುತ್ತಿತ್ತು.

"ಏನ್ರಿ ಅಕ್ಕಾರ ಇದು?" ಎಂದೆ.

"ಹಳೇವು ಮಾಡಾಕತ್ತೀನ್ರಿ ಮಾಸ್ತರ್."

ನನಗೆ ಅರ್ಥವಾಗಲಿಲ್ಲ. ಅವರು ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು ಬಿಡಿಸಿ ಹೇಳಿದರು.

"ಹೊಸಾವು ಕೊಡಾಕ ಬರಂಗಿಲ್ಲ ಅಂತೀರಿ. ಹಳೇವು ಈ ಮನ್ಯಾಗಿಂದ ಎಷ್ಟು ಮಂದಿಗಿ ಹೋಗ್ಯಾವ. ಸೋನುಬಾಯಿಗೇ ಮೂವತ್ತು ವರ್ಷ ಕೊಟ್ಟೀನಿ. ಅದಕ್ಕ ಯಾರೂ ಸಮಿತಿ ಕೂಡಸಲಿಲ್ಲ, ಯಾರೂ ಕಚೇರಿ ಮುಂದ ಕೂಡಲಿಲ್ಲ. ನಂದೂ ಮೂರನೇ ನಂಬರ್ ಕಾಲು. ಎರಡು ದಿನ ಹಾಕ್ಕೊಂಡು ಹಿಂದಿನ ಬಾಗಿಲ ಕಟ್ಟಿ ಮ್ಯಾಲ ಇಡ್ತೀನಿ. ಬಂದು ಒಯ್ಯಾಕ ಹೇಳ್ರಿ ರತ್ನಾಗ."

ಮಹಾರುದ್ರಪ್ಪನವರು ಪಕ್ಕದಲ್ಲೇ ಕೂತು ಹೆಂಡತಿಯನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಹೊಸ ಬೂಟನ್ನು ವೇದಿಕೆಯ ಮೇಲೆ ಕೊಟ್ಟರೆ ಅವಮಾನ, ಹಳೆಯ ಚಪ್ಪಲಿಯನ್ನು ಹಿತ್ತಲಲ್ಲಿ ಕೊಟ್ಟರೆ ಪದ್ಧತಿ. ನನಗೂ ಆ ಗಳಿಗೆಯಲ್ಲಿ ಇದು ಬಹಳ ಜಾಣತನದ ಮಾತೆನಿಸಿತು. ಖುಷಿಯಿಂದ ರತ್ನಮಾಲಾಳ ಖೋಲಿಗೆ ಹೋಗಿ ಸುದ್ದಿ ಹೇಳಿದೆ.

ಅವಳು ಕಾಲುಚೀಲಗಳನ್ನು ಉಂಡೆ ಮಾಡಿ ಚೀಲದ ಮೂಲೆಗೆ ತುರುಕುತ್ತಿದ್ದಳು. ಕೈ ನಿಂತಿತು. ನನ್ನನ್ನು ನೋಡದೆ ಮಾತಾಡಿದಳು.

ಅವಳು ಆರನೇ ಈಯತ್ತೆಯಲ್ಲಿದ್ದಾಗಿನ ಮಾತು. ಸಂಗಮ್ಮನವರ ಸವೆದ ಚಪ್ಪಲಿಯನ್ನು ಸೋನುಬಾಯಿ ಹಿಂಬಾಗಿಲಿನಿಂದ ತಂದು ಮಗಳಿಗೆ ಹಾಕಿ ಶಾಲೆಗೆ ಕಳಿಸಿದಳು. ಅಲ್ಲಿ ಸಾವಕಾರರ ತಮ್ಮನ ಮಗಳೂ ಓದುತ್ತಿದ್ದಳು. ಇವು ನಮ್ಮ ದೊಡ್ಡವ್ವನ ಚಪ್ಪಲಿ ಎಂದು ಆಕೆ ಎಲ್ಲರೆದುರು ಗುರುತು ಹಿಡಿದು ಹೇಳಿದಳು. ಕೆಟ್ಟ ಮನಸ್ಸಿನಿಂದಲ್ಲ, ಗುರುತು ಸಿಕ್ಕಿತೆಂದು ಹೇಳಿದಳು ಅಷ್ಟೆ. ಆವತ್ತು ಸಂಜೆ ರತ್ನಮಾಲಾ ಹುಮನಾಬಾದಿಗೆ ಬಂದು ಆ ಚಪ್ಪಲಿಯನ್ನು ವಾಡೆಯ ಹಿಂದಿನ ಕಟ್ಟೆಯ ಮೇಲೆ ಇಟ್ಟು ಬರಿಗಾಲಲ್ಲಿ ಊರಿಗೆ ನಡೆದಳು. ಆಮೇಲೆ ಹೈಸ್ಕೂಲು ಮುಗಿಯುವ ತನಕ ಕಾಲಿಗೆ ಏನೂ ಹಾಕಲಿಲ್ಲ. ಓಟದ ಸ್ಪರ್ಧೆಗಳನ್ನು ಬರಿಗಾಲಲ್ಲೇ ಗೆದ್ದಳು, ಅದರಿಂದಲೇ ಡ್ರಿಲ್ ಟೀಚರಿನ ಕೋರ್ಸಿಗೆ ಸೀಟು ಸಿಕ್ಕಿತು.

"ಆ ಬಾಗಿಲಿಗಿ ನಾ ಹೋಗಂಗಿಲ್ರಿ ಸರ್. ಮನಾಲಿಂದ ಹೊಳ್ಳಿ ಕಳಿಸಿದ್ರೂ ಅಡ್ಡಿಯಿಲ್ಲ."

"ಮುಂದಿನ ವರ್ಷ ತಗೋಳಂಗಿಲ್ಲಂತ ಬರದಾರಲ್ಲ."

"ಹೌದ್ರಿ, ಬರದಾರ."

ಅವಳ ಕಣ್ಣು ತುಂಬಿದ್ದವು. ನಾಲ್ಕು ಬೇಸಿಗೆ, ನಲವತ್ತು ಸಲದ ಆ ಮೆಟ್ಟಿಲು, ಎಲ್ಲ ಒಂದು ಕಟ್ಟೆಯ ಮೇಲೆ ಬಂದು ನಿಂತಿದ್ದವು. ನಾನು ಎದ್ದು ಹೊರಟಾಗ ಕೂಗಿದಳು.

"ಸಂಗಮ್ಮ ಅಮ್ಮಾರಿಗಿ ಹೇಳ್ರಿ. ನಾಡದು ಮುಂಜಾನಿ ಒಂಬತ್ತೂವರಿ ಹೈದ್ರಾಬಾದ್ ಬಸ್ಸಿಗಿ ಹೊಂಟೀನಿ. ಕೊಡೋದು ಇದ್ರ ಮುಂದಿನ ಬಾಗಿಲಿಂದ ತಗೊಂಡು ಬಸ್‌ಸ್ಟ್ಯಾಂಡಿಗಿ ಬಂದು ಕೊಡ್ಲಿ. ಇಲ್ಲಂದ್ರ ಅಲ್ಲೇ ಇರ್ಲಿ."

ಈ ಮಾತನ್ನು ಒಯ್ದು ವಾಡೆಯಲ್ಲಿ ಹೇಳಿದೆ. ಮಹಾರುದ್ರಪ್ಪನವರು ಕೇಳಿದ ಕೂಡಲೇ, ನಮ್ಮ ಮನೆಯ ಹೆಣ್ಣುಮಕ್ಕಳು ಬಸ್‌ಸ್ಟ್ಯಾಂಡಿಗೆ ಬೂಟು ಹೊತ್ತುಕೊಂಡು ಹೋಗುವುದಿಲ್ಲ ಎಂದು ಎದ್ದು ಹೋದರು. ಸಂಗಮ್ಮನವರು ಕಾಲಿನಲ್ಲಿದ್ದ ಬೂಟು ನೋಡುತ್ತ ಕೂತಿದ್ದರು.

"ನಾ ಸೋನುಬಾಯಿಗಿ ಎಂದೂ ಕೈಲೆ ಕೊಟ್ಟಿಲ್ರಿ ಮಾಸ್ತರ್," ಎಂದರು. "ಬಾಗಿಲ ಹೊರಗ ಕಾಲಿಲೆ ಸರಸ್ತಿದ್ದೆ. ಅಕಿ ಬಗ್ಗಿ ತಗೋತಿದ್ದಳು. ಅದು ಹಂಗೇ ಅಂತ ತಿಳಕೊಂಡಿದ್ದೆ."

ನಾನು ಸಹಿ ಮರೆತು ಮನೆಗೆ ಬಂದೆ.

ಹೊರಡುವ ದಿನ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಬೀಳ್ಕೊಡುಗೆಗೆ ನೂರು ಮಂದಿ ಕೂಡಿದ್ದರು. ಮಹಾರುದ್ರಪ್ಪನವರು ದೊಡ್ಡ ಹಾರ ತಂದಿದ್ದರು. ಸಂಘರತ್ನ ತನ್ನ ಹುಡುಗರೊಂದಿಗೆ ಬಂದಿದ್ದ. ಸೋನುಬಾಯಿ ದುಬಲಗುಂಡಿಯಿಂದ ಮೊದಲ ಬಸ್ಸಿಗೇ ಬಂದು ಮಗಳ ಚೀಲದ ಮೇಲೆ ಕೈಯಿಟ್ಟು ನಿಂತಿದ್ದಳು. ರತ್ನಮಾಲಾ ಹಾರ ಹಾಕಿಸಿಕೊಂಡಳು, ಫೋಟೋಗೆ ನಿಂತಳು, ನಡುನಡುವೆ ಬಜಾರಿನ ರಸ್ತೆ ನೋಡಿದಳು. ಒಂಬತ್ತೂವರೆಗೆ ಬಸ್ಸು ಬಂತು. ಹಾಳಾದ್ದು, ಆವತ್ತೊಂದು ದಿನ ಸರಿಯಾದ ವೇಳೆಗೆ ಬಂದಿತ್ತು.

ಕಂಡಕ್ಟರ್ ಸೀಟಿ ಊದುವ ಮೊದಲು ಜನ ಬಜಾರಿನ ಕಡೆ ತಿರುಗಿದರು. ಸಂಗಮ್ಮನವರು ಬರುತ್ತಿದ್ದರು. ಬೂಟು ಕೈಯಲ್ಲಿ ಇರಲಿಲ್ಲ, ಕಾಲಲ್ಲಿತ್ತು. ಮುಂಬಾಗಿಲಿನಿಂದ ಹೊರಟು, ಅರಿವೆ ಅಂಗಡಿಗಳ ಸಾಲು ದಾಟಿ, ದಿನಸಿನ ಓಣಿ ದಾಟಿ, ಊರೆಲ್ಲ ನೋಡುವ ಹಾಗೆ ಧಪ್ ಧಪ್ ಎಂದು ನಡೆದುಕೊಂಡೇ ಬಂದಿದ್ದರು. ಮಹಾರುದ್ರಪ್ಪನವರು ಗೋಡೆಯ ಮೇಲಿನ ಬಸ್ಸಿನ ವೇಳಾಪಟ್ಟಿಯನ್ನು ಓದತೊಡಗಿದರು.

ಸಂಗಮ್ಮನವರು ಸಿಮೆಂಟಿನ ಕಟ್ಟೆಯ ಮೇಲೆ ಕೂತು ಬಗ್ಗಿ ಲಾಡಿ ಬಿಚ್ಚಿದರು. ಗಂಟು ಬಿಗಿದಿತ್ತು, ಹೊತ್ತು ಹಿಡಿಯಿತು. ಯಾರೂ ನೆರವಿಗೆ ಬಗ್ಗಲಿಲ್ಲ, ರತ್ನಮಾಲಾಳೂ ಬಗ್ಗಲಿಲ್ಲ. ಎರಡೂ ಬೂಟು ಬಿಚ್ಚಿ, ಒಳಗಿನ ಬೆವರನ್ನು ಸೆರಗಿನಿಂದ ಒರೆಸಿ, ಎದ್ದು ನಿಂತು ಎರಡೂ ಕೈಯಿಂದ ಮುಂದೆ ಹಿಡಿದರು.

"ತಗೋ ಬಾಯಿ. ಮೂರು ದಿನ ಹಾಕೀನಿ. ಹಳೇವು ಆಗ್ಯಾವ."

ರತ್ನಮಾಲಾ ಎರಡೂ ಕೈಯಿಂದ ತೆಗೆದುಕೊಂಡಳು. ತಿರುಗಿಸಿ ತಳ ನೋಡಿದಳು.

"ಮೂರು ದಿನಕ್ಕ ಏನೂ ಆಗಿಲ್ರಿ ಅಮ್ಮಾರ," ಎಂದಳು. "ಹೊಸಾವೇ ಅದಾವ."

ಸಂಗಮ್ಮನವರು ಅವಳ ಗಲ್ಲ ಸವರಿದರು. ರತ್ನಮಾಲಾ ಬೂಟನ್ನು ಚೀಲದ ತಳದ ಆ ಖಾಲಿ ಜಾಗಕ್ಕೆ ಇಳಿಸಿ, ಚೀಲ ಬಿಗಿದು ಬೆನ್ನಿಗೇರಿಸಿ ಬಸ್ಸು ಹತ್ತಿದಳು. ಆರನೇ ದಿನ ಮನಾಲಿಯಿಂದ ನನಗೆ ಮೆಸೇಜು ಬಂತು: ತಪಾಸಣೆ ಪಾಸ್, ಬೂಟು ಸರಿಯಾಗಿ ಕೂತಿವೆ, ನಾಳೆ ಮೇಲೆ ಹೋಗುತ್ತೇವೆ. ಅದನ್ನು ನಾನು ಪೇಪರಿನವರಿಗೆ ಕೊಟ್ಟೆ. ಸಮಿತಿಯ ಸತತ ಪರಿಶ್ರಮದಿಂದ ಎಂದು ಅವರು ಸೇರಿಸಿಕೊಂಡರು, ನಾನು ಬೇಡವೆನ್ನಲಿಲ್ಲ.

ಆದರೆ ಬಸ್ಸು ಹೋದ ಮೇಲೆ ನಡೆದದ್ದು ಪೇಪರಿನಲ್ಲಿ ಬರಲಿಲ್ಲ. ಜನ ಚದುರಿದರು. ಸಂಗಮ್ಮನವರು ಕಟ್ಟೆಯ ಮೇಲೆ ಹಾಗೇ ಕೂತಿದ್ದರು. ಬರುವಾಗ ಬೂಟು ಹಾಕಿಕೊಂಡು ಬಂದವರು, ವಾಪಸು ಹೋಗಲು ಬೇರೆ ಏನೂ ತಂದಿರಲಿಲ್ಲ. ಹತ್ತು ಗಂಟೆಯ ಬಿಸಿಲಿಗೆ ಡಾಂಬರು ಆಗಲೇ ಕಾದಿತ್ತು. ಆಟೋ ಕರೆಸಬೇಕೋ, ಮನೆಗೆ ಆಳು ಕಳಿಸಬೇಕೋ ಎಂದು ಅಧ್ಯಕ್ಷರೂ ಕಾರ್ಯದರ್ಶಿಯೂ ಸಂಘರತ್ನನೂ ಸೇರಿ ವಿಚಾರ ಮಾಡತೊಡಗಿದೆವು. ಅಷ್ಟರಲ್ಲಿ ಸೋನುಬಾಯಿ ತನ್ನ ರಬ್ಬರ್ ಚಪ್ಪಲಿ ಕಳಚಿ, ಕೈಯಲ್ಲಿ ಎತ್ತಿ ಸಂಗಮ್ಮನವರ ಪಾದದ ಮುಂದೆ ಇಟ್ಟಳು. ಒಂದರ ಹರಿದ ಉಂಗುಷ್ಠದ ಪಟ್ಟಿಗೆ ತಂತಿ ಕಟ್ಟಿತ್ತು.

"ಹಾಕ್ಕೋರಿ ಅಕ್ಕಾರ. ಕಾಲು ಸುಡ್ತಾವ."

"ನಿನಗ?"

"ನನಗ ರೂಢಿ ಅದರಿ."

ಸಂಗಮ್ಮನವರು ಸ್ವಲ್ಪ ಹೊತ್ತು ಆ ಚಪ್ಪಲಿಯನ್ನು ನೋಡಿದರು. ಆಮೇಲೆ ಹಾಕಿಕೊಂಡು, ಬಂದ ದಾರಿಯಲ್ಲೇ ಬಜಾರಿನೊಳಗೆ ನಡೆದು ಹೋದರು. ನಾವು ಮೂವರೂ ಅವರು ಮರೆಯಾಗುವ ತನಕ ನೋಡುತ್ತ ನಿಂತೆವು. ಒಂದು ಜೊತೆ ಬೂಟಿಗಾಗಿ ಎರಡು ತಿಂಗಳು ತಲೆ ಕೆಡಿಸಿಕೊಂಡವರು ನಾವು. ಬಸ್‌ಸ್ಟ್ಯಾಂಡಿನಿಂದ ಮೊಹಿನುದ್ದೀನನ ಅಂಗಡಿಗೆ ನಲವತ್ತು ಹೆಜ್ಜೆ, ಬಾಗಿಲು ತೆರೆದಿತ್ತು. ಅದು ನನಗೆ ಹೊಳೆದದ್ದು ಸೋನುಬಾಯಿ ಬರಿಗಾಲಲ್ಲಿ ದುಬಲಗುಂಡಿಯ ಬಸ್ಸು ಹತ್ತಿ ಹೋದ ಮೇಲೆ.